ಹುಡುಗರು ಹಾಡು ಬಿಡುವುದಕ್ಕೆ ಗಂಟಲೊಂದೇ ಕಾರಣವಲ್ಲ

ಐದಾರು ವರ್ಷದ ಮಕ್ಕಳಿಗೆ ಹಾಡಲು ಹೇಳಿದರೆ ಗಂಡು ಹೆಣ್ಣೆನ್ನದೆ ಎಲ್ಲರೂ ಗಂಟಲು ಬಿಚ್ಚುತ್ತಾರೆ. ಹನ್ನೆರಡು-ಹದಿಮೂರರ ಹೊತ್ತಿಗೆ ಹುಡುಗರ ಸಾಲು ತೆಳ್ಳಗಾಗಿರುತ್ತದೆ. ಏಕೆಂದು ಕೇಳಿದರೆ ಸಿಗುವ ಉತ್ತರ ಎರಡೇ: ದನಿ ಒಡೆಯಿತು, ಇಲ್ಲವೇ ಹಾಡುವುದು ಹುಡುಗಿಯರ ಕೆಲಸ. ಮೊದಲನೆಯದಕ್ಕೆ ದೇಹ ಕಾರಣ. ಎರಡನೆಯದನ್ನು ಕಟ್ಟಿದವರು ಮನುಷ್ಯರು, ಅದೂ ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಥರ.

ಹೋಮರನ ಇಲಿಯಡ್‌ನ ಒಂಬತ್ತನೆಯ ಸರ್ಗದಲ್ಲಿ ಗ್ರೀಕ್ ಸೇನೆಯ ದೂತರು ಅಕಿಲೀಸನ ಡೇರೆಗೆ ಬರುತ್ತಾರೆ. ಮುನಿಸಿಕೊಂಡು ಯುದ್ಧ ಬಿಟ್ಟು ಕುಳಿತ ಆ ಮಹಾಯೋಧ ಲೈರ್ ಎಂಬ ತಂತಿವಾದ್ಯ ನುಡಿಸುತ್ತಾ ವೀರರ ಕೀರ್ತಿಯನ್ನು ಹಾಡುತ್ತಿರುತ್ತಾನೆ, ಗೆಳೆಯ ಪ್ಯಾಟ್ರೋಕ್ಲಸ್ ಎದುರಿಗೆ ಸುಮ್ಮನೆ ಕುಳಿತಿರುತ್ತಾನೆ. ಯೋಧನೊಬ್ಬ ಹಾಡುತ್ತಿದ್ದಾನಲ್ಲ ಎಂದು ಅಲ್ಲಿ ಯಾರೂ ಹುಬ್ಬೇರಿಸುವುದಿಲ್ಲ. ಅನುಮಾನ ಶುರುವಾಗುವುದು ಆಮೇಲೆ. ಪ್ಲೇಟೋ ತನ್ನ ಆದರ್ಶ ರಾಜ್ಯದ ಕಾವಲುಗಾರರಿಗೆ ಯಾವ ಸಂಗೀತ ಇರಬೇಕು ಎಂದು ಪಟ್ಟಿ ಮಾಡುವಾಗ ಗೋಳಿನ ಧಾಟಿಗಳನ್ನೂ ಮೆತ್ತಗಿನ ಧಾಟಿಗಳನ್ನೂ ಹೊರಗಿಡುತ್ತಾನೆ. ಡೋರಿಯನ್ ಮತ್ತು ಫ್ರಿಜಿಯನ್ ಧಾಟಿಗಳನ್ನು ಮಾತ್ರ ಉಳಿಸಿಕೊಳ್ಳುತ್ತಾನೆ. ಗಮನಿಸಬೇಕಾದದ್ದು, ಅವನು ಗಂಡಸರ ಬಾಯಿ ಮುಚ್ಚಿಸಲಿಲ್ಲ, ಏನು ಹಾಡಬೇಕು ಎಂಬುದಕ್ಕಷ್ಟೇ ಬೇಲಿ ಹಾಕಿದ.

ಹಾಡುವುದೇ ಗಂಡಸಿಗೆ ಸಲ್ಲದು ಎಂಬ ವಾದವನ್ನು 1528ರಲ್ಲಿ ಅಚ್ಚಾದ ಕಾಸ್ತಿಲಿಯೋನೆಯ ಇಟಾಲಿಯನ್ ಸಂವಾದ ಗ್ರಂಥದಲ್ಲಿ ಸ್ಪಷ್ಟವಾಗಿ ಓದಬಹುದು. ಒಳ್ಳೆಯ ಆಸ್ಥಾನಿಕ ಹೇಗಿರಬೇಕು ಎಂಬುದು ಅಲ್ಲಿನ ಚರ್ಚೆ. ಸಂಗೀತ ಹೆಂಗಸರಿಗೆ ಸರಿ, ಗಂಡಸರಂತೆ ಕಾಣುವ ಕೆಲವರಿಗೂ ಸರಿ, ನಿಜವಾದ ಗಂಡಸರಿಗಲ್ಲ, ಅದು ಮನಸ್ಸನ್ನು ದುರ್ಬಲ ಮಾಡುತ್ತದೆ ಎನ್ನುತ್ತಾನೆ ಒಬ್ಬ ಯುವಕ. ಮುಖ್ಯ ಮಾತುಗಾರನಾದ ಕೌಂಟ್ ಅಕಿಲೀಸನನ್ನೂ ಸಾಕ್ರಟೀಸನನ್ನೂ ಸಾಕ್ಷಿಗೆ ಕರೆದು ಅವನಿಗೆ ದೀರ್ಘ ಉತ್ತರ ಕೊಡುತ್ತಾನೆ. ಆ ಯುವಕನ ಮಾತನ್ನು ಇಂದಿನ ಯಾವ ಶಾಲೆಯ ಅಂಗಳದಲ್ಲೂ ಕೇಳಬಹುದು. ಕೌಂಟ್‌ನ ಉತ್ತರ ಮಾತ್ರ ಅಪರೂಪ.

ಈ ಜಗಳ ಆಸ್ಥಾನಗಳಲ್ಲಿ ನಡೆಯುತ್ತಿದ್ದಾಗಲೇ ಯುರೋಪಿನ ಚರ್ಚುಗಳು ಹುಡುಗರ ದನಿಯ ಮೇಲೆ ನಿಂತಿದ್ದವು. ಸಭೆಯಲ್ಲಿ ಹೆಂಗಸರು ಮೌನವಾಗಿರಲಿ ಎಂಬ ಸಂತ ಪೌಲನ ವಾಕ್ಯವನ್ನು ಮುಂದಿಟ್ಟು ಹೆಂಗಸರನ್ನು ಗಾಯನವೃಂದದಿಂದ ದೂರ ಇಟ್ಟಿದ್ದರು. ಹಾಗಾಗಿ ಮೇಲಿನ ಸ್ವರಗಳು ಹುಡುಗರ ಪಾಲಿಗೆ ಬಂದವು. ಲೈಪ್‌ಜಿಗ್‌ನ ಸೇಂಟ್ ಥಾಮಸ್ ವೃಂದ ತನ್ನ ಮೂಲವನ್ನು 1212ಕ್ಕೆ ಒಯ್ಯುತ್ತದೆ. ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜನ್ನು ಆರನೆಯ ಹೆನ್ರಿ 1441ರಲ್ಲಿ ಕಟ್ಟಿದ, ಅಲ್ಲಿ 16 ಬಾಲಗಾಯಕರಿಗೆ ಜಾಗ ಕೊಟ್ಟ. ವಿಯೆನ್ನಾದ ಆಸ್ಥಾನ ವೃಂದಕ್ಕೆ 1498ರಲ್ಲಿ ಮ್ಯಾಕ್ಸಿಮಿಲಿಯನ್ ಬುನಾದಿ ಹಾಕಿದ. ಇಂಥ ಕಡೆ ಹುಡುಗನ ಹಾಡಿಗೆ ಊಟ, ವಸತಿ, ಓದು ಸಿಗುತ್ತಿತ್ತು. ಬಡವರ ಮನೆಯ ಹುಡುಗನಿಗೆ ಒಳ್ಳೆಯ ಕಂಠ ಎಂದರೆ ಮುಂದಿನ ದಾರಿ.

ಇದೇ ವ್ಯವಸ್ಥೆಯ ಕ್ರೂರ ಮುಖವೂ ಇತ್ತು. ದನಿ ಒಡೆಯುವ ಮೊದಲೇ ಹುಡುಗರ ಬೀಜ ಒಡೆದು ಆ ಎಳೆಯ ಕಂಠವನ್ನು ಜೀವನಪೂರ್ತಿ ಉಳಿಸಿಕೊಳ್ಳುವ ಪದ್ಧತಿ ಇಟಲಿಯಲ್ಲಿ ಶತಮಾನಗಳ ಕಾಲ ನಡೆಯಿತು. ಅದನ್ನು ಯಾವ ಕಲೆಯ ಹೆಸರಿನಲ್ಲೂ ಸಮರ್ಥಿಸಲಾಗದು. ಆದರೆ ಅಂದಿನ ಜನ ಆ ಗಾಯಕರಿಗೆ ಕೊಡುತ್ತಿದ್ದ ಪಾತ್ರಗಳನ್ನು ನೋಡಿ. 1724ರಲ್ಲಿ ಲಂಡನ್ನಿನಲ್ಲಿ ಹ್ಯಾಂಡೆಲ್‌ನ ಆಪೆರಾದಲ್ಲಿ ಜೂಲಿಯಸ್ ಸೀಸರ್ ಆಗಿ ಹಾಡಿದವನು ಸೆನೆಸಿನೋ, ಅಂಥದೇ ಒಬ್ಬ ಕಾಸ್ಟ್ರಾಟೋ. ಜಗತ್ತು ಗೆದ್ದ ಸೇನಾನಿ ಹೆಣ್ಣುದನಿಯ ಎತ್ತರದಲ್ಲಿ ಹಾಡುವುದು ಆ ಪ್ರೇಕ್ಷಕರಿಗೆ ಸಹಜವಾಗಿತ್ತು. ಅವರ ಕಿವಿಯಲ್ಲಿ ಏರುದನಿ ಎಂದರೆ ತಾರುಣ್ಯ, ತೇಜಸ್ಸು, ಅರಸುತನ. ದಪ್ಪ ದನಿ ಮುದುಕರಿಗೂ ಖಳರಿಗೂ ಹೋಗುತ್ತಿದ್ದುದೇ ಹೆಚ್ಚು.

ಈ ಕಿವಿ ಬದಲಾದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ, ಅದಕ್ಕೊಂದು ಗುರುತಿನ ಕಲ್ಲು ಇದೆ. ಅಲ್ಲಿಯವರೆಗೆ ಟೆನರ್ ಎಂಬ ಏರುಶ್ರುತಿಯ ಗಂಡುದನಿಯ ಗಾಯಕರು ತಾರಸ್ಥಾಯಿಯ ಸ್ವರಗಳನ್ನು ಹಗುರವಾಗಿ, ಕಳ್ಳದನಿ ಬೆರೆಸಿ ಮುಟ್ಟುತ್ತಿದ್ದರು. 1837ರಲ್ಲಿ ಜಿಲ್ಬೇರ್ ಡ್ಯುಪ್ರೆ ಪ್ಯಾರಿಸ್ಸಿನ ರಂಗದ ಮೇಲೆ ರೊಸಿನಿಯ ಆಪೆರಾದಲ್ಲಿ ಅದೇ ಎತ್ತರದ ಸ್ವರವನ್ನು ಎದೆಯಿಂದ ತುಂಬುಕಂಠದಲ್ಲಿ ಎಸೆದ. ರೊಸಿನಿಗೆ ಅದು ಇಷ್ಟವಾಗಲಿಲ್ಲ, ಕತ್ತು ಕೊಯ್ಯುವಾಗಿನ ಹುಂಜದ ಕೂಗಿಗೆ ಅದನ್ನು ಹೋಲಿಸಿದ ಎಂದು ಹೇಳುತ್ತಾರೆ. ಜನ ಮಾತ್ರ ಹುಚ್ಚೆದ್ದರು. ಅದೇ ಪಾತ್ರವನ್ನು ಮೊದಲು ಹಾಡಿದ್ದ, ಹಳೆಯ ನಯದ ಶೈಲಿಯ ಅಡೋಲ್ಫ್ ನೂರಿ ಪ್ಯಾರಿಸ್ ಬಿಟ್ಟ, ಹೊಸ ರೀತಿ ಕಲಿಯಲು ಇಟಲಿಗೆ ಹೋದ, 1839ರಲ್ಲಿ ನೇಪಲ್ಸ್‌ನಲ್ಲಿ ತನ್ನ ಜೀವ ತಾನೇ ಕಳೆದುಕೊಂಡ. ಅವನ ಸಾವಿಗೆ ಒಂದೇ ಕಾರಣ ಹಚ್ಚುವುದು ತಪ್ಪಾದೀತು, ಅವನ ಆರೋಗ್ಯವೂ ಕೆಟ್ಟಿತ್ತು. ಆದರೂ ಕೆಲವೇ ವರ್ಷಗಳಲ್ಲಿ ನಾಯಕನ ದನಿ ಎಂದರೆ ಬಲಪ್ರದರ್ಶನ ಎಂದಾಗಿದ್ದು ಅವನ ಬದುಕಿನಲ್ಲಿ ನೋವಾಗಿ ಕಾಣುತ್ತದೆ. ನಯವಾದ, ಹಗುರವಾದ ಗಂಡುದನಿ ಅಲ್ಲಿಂದ ಮುಂದೆ ಅನುಮಾನದ ವಸ್ತುವಾಯಿತು.

ಇಂಗ್ಲೆಂಡಿನಲ್ಲಿ ಇದಕ್ಕೆ ಅಂತಸ್ತಿನ ಅಹಂಕಾರವೂ ಸೇರಿಕೊಂಡಿತು. ಲಾರ್ಡ್ ಚೆಸ್ಟರ್‌ಫೀಲ್ಡ್ 1749ರಲ್ಲಿ ಇಟಲಿ ಪ್ರವಾಸದಲ್ಲಿದ್ದ ಮಗನಿಗೆ ಬರೆದ ಪತ್ರದಲ್ಲಿ, ಸಂಗೀತ ಬೇಕಿದ್ದರೆ ದುಡ್ಡು ಕೊಟ್ಟು ನುಡಿಸಿ ಕೇಳು, ನೀನೇ ಪಿಟೀಲು ಹಿಡಿಯಬೇಡ, ಅದು ಸಭ್ಯಸ್ಥನನ್ನು ಹಗುರ ಮಾಡುತ್ತದೆ ಎಂದು ಎಚ್ಚರಿಸಿದ್ದಾನೆ. ಸಂಗೀತ ಸಂಬಳದವರ ಕೆಲಸ, ಮನೆಯೊಳಗಾದರೆ ಹೆಣ್ಣುಮಕ್ಕಳ ಅಲಂಕಾರ. ಮಧ್ಯಮವರ್ಗದ ಮನೆಗಳಲ್ಲಿ ಹೆಣ್ಣುಮಕ್ಕಳು ಪಿಯಾನೋ ಮುಂದೆ ಕುಳಿತರು, ಗಂಡುಮಕ್ಕಳು ಮೈದಾನಕ್ಕೆ ಹೋದರು.

ಅದೇ ದ್ವೀಪದ ಪಶ್ಚಿಮಕ್ಕೆ, ವೇಲ್ಸ್‌ನಲ್ಲಿ, ಈ ಲೆಕ್ಕ ನಡೆಯಲೇ ಇಲ್ಲ. ಕಲ್ಲಿದ್ದಲ ಗಣಿಯಿಂದ ಮೇಲೆ ಬಂದ ಗಂಡಸರು ಚಾಪೆಲ್‌ಗಳಲ್ಲಿ ನಾಲ್ಕು ಧ್ವನಿಭಾಗಗಳಲ್ಲಿ ಹಾಡುತ್ತಿದ್ದರು. 1905ರ ಡಿಸೆಂಬರ್‌ನಲ್ಲಿ ಕಾರ್ಡಿಫ್‌ನ ರಗ್ಬಿ ಪಂದ್ಯಕ್ಕೆ ಮುಂಚೆ ನ್ಯೂಜಿಲೆಂಡ್ ಆಟಗಾರರು ಹಾಕಾ ಕುಣಿದಾಗ ವೇಲ್ಸ್ ತಂಡ ಹಾಡಿನಿಂದ ಉತ್ತರ ಕೊಟ್ಟಿತು, ಗ್ಯಾಲರಿಯ ಜನವೆಲ್ಲ ದನಿಗೂಡಿಸಿದರು. ಜಾರ್ಜಿಯಾ ದೇಶದ ಗಂಡಸರ ಬಹುಧ್ವನಿ ಗಾಯನವೂ ಹೀಗೆಯೇ. ದಕ್ಷಿಣ ಆಫ್ರಿಕಾದ ಉದಾಹರಣೆ ನನಗೆ ಇನ್ನೂ ಹತ್ತಿರದ್ದು: 1939ರಲ್ಲಿ ಸಾಲೊಮನ್ ಲಿಂಡಾ ಜೊಹಾನ್ಸ್‌ಬರ್ಗ್‌ನಲ್ಲಿ ಧ್ವನಿಮುದ್ರಿಸಿದ ‘ಎಂಬೂಬೆ’ ಹಾಡು, ಅಂದರೆ ಸಿಂಹ. ಕೆಳಗೆ ಗಂಡಸರ ಗಟ್ಟಿ ಮಂದ್ರ, ಅದರ ಮೇಲೆ ಲಿಂಡಾನ ಏರಿದ ಕಳ್ಳದನಿ. ಸಿಂಹದ ಹಾಡಿಗೆ ಏರುದನಿ ಹೊಂದುವುದಿಲ್ಲ ಎಂದು ಅಲ್ಲಿ ಯಾರಿಗೂ ಅನ್ನಿಸಿರಲಿಲ್ಲ.

ಇನ್ನು ಗಂಟಲಿನ ವಿಷಯ. ಹರೆಯದಲ್ಲಿ ಹುಡುಗನ ಧ್ವನಿಪೆಟ್ಟಿಗೆ ದೊಡ್ಡದಾಗುತ್ತದೆ, ಧ್ವನಿತಂತುಗಳು ಉದ್ದವಾಗಿ ದಪ್ಪಗಾಗುತ್ತವೆ, ಶ್ರುತಿ ಸುಮಾರು ಒಂದು ಸ್ಥಾಯಿ ಕೆಳಗಿಳಿಯುತ್ತದೆ. ಹುಡುಗಿಯರ ದನಿಯೂ ಬದಲಾಗುತ್ತದೆ, ಆದರೆ ಕೆಲವೇ ಸ್ವರಗಳಷ್ಟು. ಈ ಹೊತ್ತಿನಲ್ಲಿ ಹುಡುಗ ಹಾಡಬೇಕೇ ಎಂಬುದು ಹತ್ತೊಂಬತ್ತನೆಯ ಶತಮಾನದ ದೊಡ್ಡ ವಿವಾದ. ಕನ್ನಡಿ ಹಿಡಿದು ತನ್ನ ಧ್ವನಿತಂತುಗಳನ್ನೇ ನೋಡಿಕೊಂಡ ಗಾಯನಗುರು ಮ್ಯಾನುಯೆಲ್ ಗಾರ್ಸಿಯಾ ಪೂರ್ತಿ ವಿಶ್ರಾಂತಿ ಬೇಕು ಎಂದ. ಲಂಡನ್ನಿನ ಗಂಟಲುವೈದ್ಯ ಮೊರೆಲ್ ಮೆಕೆಂಜಿ, ಎಚ್ಚರದಿಂದ ಹಾಡಿದರೆ ತೊಂದರೆಯಿಲ್ಲ ಎಂದ. ಅನೇಕ ಶಿಕ್ಷಕರು ಗಾರ್ಸಿಯಾನ ದಾರಿ ಹಿಡಿದರು. ಒಂದೆರಡು ವರ್ಷ ಸುಮ್ಮನಿರು ಎಂದು ಹದಿಮೂರರ ಹುಡುಗನಿಗೆ ಹೇಳುವುದೆಂದರೆ ಬಹಳ ಸಲ ಇನ್ನು ಬರಬೇಡ ಎಂದು ಹೇಳಿದಂತೆಯೇ. ಅಷ್ಟರಲ್ಲಿ ಅವನಿಗೆ ಬೇರೆ ಗೆಳೆಯರು, ಬೇರೆ ಹೆಮ್ಮೆಗಳು ಸಿಕ್ಕಿರುತ್ತವೆ, ‘ಹೆಣ್ಣಿಗ’ ಎಂಬ ಮೂದಲಿಕೆಯ ಭಯವೂ ಹುಟ್ಟಿರುತ್ತದೆ.

ಕಾಲವೂ ಹುಡುಗರಿಗೆ ಎದುರಾಗಿದೆ. ಹದಿನೆಂಟನೆಯ ಶತಮಾನದಲ್ಲಿ ಸಂಗೀತರಚನಕಾರ ಬಾಖ್ ಲೈಪ್‌ಜಿಗ್‌ನಲ್ಲಿದ್ದಾಗಿನ ವೃಂದದ ದಾಖಲೆಗಳನ್ನು ಅಧ್ಯಯನ ಮಾಡಿ 1970ರಲ್ಲಿ ಪ್ರಕಟವಾದ ಲೇಖನದ ಪ್ರಕಾರ ಅಂದಿನ ಹುಡುಗರ ದನಿ ಒಡೆಯುತ್ತಿದ್ದದ್ದು ಹದಿನಾರು ದಾಟಿದ ಮೇಲೆ. ಅದೇ ಶತಮಾನದ ಸಂಗೀತರಚನಕಾರ ಹೇಡನ್ ಕೂಡ ವಿಯೆನ್ನಾದ ಚರ್ಚಿನ ವೃಂದದಿಂದ ಹೊರಬಿದ್ದಾಗ ಹದಿನೇಳರ ಆಸುಪಾಸಿನಲ್ಲಿದ್ದ. ಈಗ ಪೌಷ್ಟಿಕ ಆಹಾರ, ಆರೋಗ್ಯ ಸುಧಾರಿಸಿ ಹರೆಯ ಬೇಗ ಬರುತ್ತದೆ. ಕೋಪನ್‌ಹೇಗನ್ನಿನ ಬಾಲಗಾಯಕರ ಶಾಲೆಯಲ್ಲಿ ನಡೆದ ಅಧ್ಯಯನದಲ್ಲಿ ಆ ವಯಸ್ಸು ಹದಿನಾಲ್ಕರ ಹತ್ತಿರವಿತ್ತು. ಅಂದಿನ ಹುಡುಗ ಪಳಗಿದ ಗಾಯಕನಾದ ಮೇಲೆ ದನಿ ಕಳೆದುಕೊಳ್ಳುತ್ತಿದ್ದ. ಇಂದಿನವನು ಹಾಡಿನ ರುಚಿ ಹತ್ತುವ ಹೊತ್ತಿಗೇ ಕಳೆದುಕೊಳ್ಳುತ್ತಾನೆ.

1991ರಲ್ಲಿ ಇಂಗ್ಲೆಂಡಿನ ಸಾಲ್ಸ್‌ಬರಿ ಕ್ಯಾಥೆಡ್ರಲ್ ಹುಡುಗಿಯರಿಗೂ ವೃಂದ ಕಟ್ಟಿತು, ಬೇರೆ ಕ್ಯಾಥೆಡ್ರಲ್‌ಗಳೂ ಹಿಂಬಾಲಿಸಿದವು. ಆಗ ಎದ್ದ ಆತಂಕಗಳಲ್ಲಿ ಒಂದು, ಹುಡುಗಿಯರು ಬಂದರೆ ಹುಡುಗರು ಬಿಟ್ಟುಹೋಗುತ್ತಾರೆ ಎಂಬುದು. ಹುಡುಗಿಯರಿಗೆ ನ್ಯಾಯವಾಗಿ ಸಿಕ್ಕ ಜಾಗದಿಂದ ಹಾಡಿನ ಗಂಡಸುತನ ಕರಗುತ್ತದೆ ಎನ್ನುವುದಾದರೆ, ಆ ಗಂಡಸುತನ ಮೊದಲೇ ಎಷ್ಟು ಬಡಕಲಾಗಿತ್ತು!

ಹುಡುಗರನ್ನು ಉಳಿಸಿಕೊಳ್ಳುವ ದಾರಿ ಇಲ್ಲವೆಂದಲ್ಲ. ಅಮೆರಿಕದಲ್ಲಿ ಸಂಗೀತ ಶಿಕ್ಷಕ ಇರ್ವಿನ್ ಕೂಪರ್, ಮುಂದೆ 1970ರ ದಶಕದಲ್ಲಿ ಜಾನ್ ಕುಕ್ಸಿ, ಬದಲಾಗುತ್ತಿರುವ ದನಿಯನ್ನು ಹತ್ತಿರದಿಂದ ಕೇಳಿದರು. ಅದು ಒಂದೇ ದಿನ ಒಡೆಯುವುದಿಲ್ಲ, ಹಂತ ಹಂತವಾಗಿ ಇಳಿಯುತ್ತದೆ, ಪ್ರತಿ ಹಂತದಲ್ಲೂ ಕಷ್ಟಪಡದೆ ಹಾಡಬಹುದಾದ ಒಂದಷ್ಟು ಸ್ವರಗಳು ಉಳಿದೇ ಇರುತ್ತವೆ ಎಂದು ತೋರಿಸಿದರು. ಆ ಕಿರಿದಾದ ವ್ಯಾಪ್ತಿಗೆ ಹೊಂದುವಂತೆಯೇ ಕೂಪರ್ ಹಾಡಿನ ಭಾಗಗಳನ್ನು ಬರೆದ. ಶಿಕ್ಷಕರು ತಿಂಗಳಿಗೊಮ್ಮೆ ಪ್ರತಿ ಹುಡುಗನ ದನಿ ಪರೀಕ್ಷಿಸಿ, ಅವನನ್ನು ಮನೆಗೆ ಕಳಿಸುವ ಬದಲು ಕೆಳಗಿನ ಭಾಗಕ್ಕೆ ಸರಿಸಬೇಕು. ದನಿ ನಡುವೆ ಕೀರಲಿಟ್ಟಾಗ ಯಾರೂ ನಗದಂತೆ ನೋಡಿಕೊಳ್ಳಬೇಕು. ಹದಿನೆಂಟರ ಅಣ್ಣಂದಿರು ಪಕ್ಕದಲ್ಲೇ ನಿಂತು ಹಾಡುತ್ತಿದ್ದರೆ ಹದಿಮೂರರವನಿಗೆ ಒಡೆದ ದನಿಯ ಆಚೆ ಏನಿದೆ ಎಂಬುದು ಕಿವಿಯಾರೆ ಕೇಳಿಸುತ್ತದೆ.