ಫೆಬ್ರವರಿ 14: ಕ್ರೈಸ್ತರು ಆಚರಿಸಬಹುದೇ?

ಪ್ರಶ್ನೆ: ನಾವು ಕಥೋಲಿಕರು. ವ್ಯಾಲೆಂಟೈನ್ಸ್ ಡೇ ನಮ್ಮ ಸಂತರದ್ದೇ ಹಬ್ಬ ಅಂತ ಮಗಳ ವಾದ. ನನ್ನ ತಂಗಿ ಹೋಗುವ ಸಭೆಯ ಪಾಸ್ಟರ್, ಅದು ಅನ್ಯದೇವರ ಹಬ್ಬ ಅನ್ನುತ್ತಾರೆ. ಯಾರ ಮಾತು ಸರಿ?

ಮಗಳದ್ದು ಅರ್ಧ ಸರಿ. ರೋಮ್‌ನ ಫ್ಲಮೀನಿಯಾ ರಸ್ತೆಯ ಬದಿಯಲ್ಲಿ ಸಮಾಧಿಯಾದ ವ್ಯಾಲೆಂಟೈನ್ ಎಂಬ ಹುತಾತ್ಮರ ಸ್ಮರಣೆ ಫೆಬ್ರವರಿ 14ಕ್ಕೇ ಬರುತ್ತದೆ. ಅದರಾಚೆ ಗಟ್ಟಿಯಾಗಿ ಹೇಳಬಲ್ಲದ್ದು ತೀರಾ ಕಡಿಮೆ. ಸೈನಿಕರಿಗೆ ಗುಟ್ಟಾಗಿ ಮದುವೆ ಮಾಡಿಸಿದ್ದು, ಸೆರೆಮನೆ ಅಧಿಕಾರಿಯ ಮಗಳಿಗೆ ಚೀಟಿ ಬರೆದದ್ದು, ಇವೆಲ್ಲ ಆಮೇಲೆ ಹೆಣೆದ ಕಥೆಗಳು. ಇದೇ ಕಾರಣಕ್ಕೆ 1969ರಲ್ಲಿ ಧರ್ಮಸಭೆ ತನ್ನ ಸಾರ್ವತ್ರಿಕ ಪಂಚಾಂಗದಿಂದ ಈ ಹಬ್ಬವನ್ನು ಕೈಬಿಟ್ಟಿತು. ಸಂತಪದವಿ ಹೋಗಿಲ್ಲ, ಹುತಾತ್ಮರ ಪಟ್ಟಿಯಲ್ಲಿ ಹೆಸರು ಈಗಲೂ ಇದೆ. ಆದರೆ ಆ ದಿನದ ಪೂಜೆಯಲ್ಲಿ ನೆನೆಯುವುದು ಸ್ಲಾವ್ ಜನರಿಗೆ ಸುವಾರ್ತೆ ಸಾರಿದ ಅಣ್ಣತಮ್ಮಂದಿರಾದ ಸಿರಿಲ್, ಮೆಥೋಡಿಯಸರನ್ನು.

ಪಾಸ್ಟರ್ ಮನಸ್ಸಿನಲ್ಲಿರುವುದು ಬಹುಶಃ ಲೂಪರ್ಕೇಲಿಯ, ಫೆಬ್ರವರಿ 15ರ ರೋಮನ್ ಹಬ್ಬ. ಪೋಪ್ ಗೆಲಾಸಿಯಸ್ ಅದನ್ನು ಖಂಡಿಸಿದ್ದು ನಿಜ. ಅದರ ಜಾಗಕ್ಕೇ ವ್ಯಾಲೆಂಟೈನರನ್ನು ತಂದರು ಎನ್ನಲು ಪುರಾವೆ ಇಲ್ಲ. ಈ ದಿನಕ್ಕೆ ಪ್ರೇಮ ಅಂಟಿಕೊಂಡದ್ದಂತೂ 14ನೇ ಶತಮಾನದಲ್ಲಿ. ಆ ದಿನ ಹಕ್ಕಿಗಳು ಜೋಡಿ ಹುಡುಕುತ್ತವೆ ಎಂದು ಇಂಗ್ಲಿಷ್ ಕವಿ ಚಾಸರ್ ಬರೆದ.

ಹಾಗಾದರೆ ಗುಲಾಬಿ ಕೊಟ್ಟರೆ ಪಾಪವೇ? ನನಗೆ ಹಾಗನಿಸುವುದಿಲ್ಲ. ಒಬ್ಬ ಒಂದು ದಿನವನ್ನು ವಿಶೇಷವೆಂದು ಎಣಿಸುತ್ತಾನೆ, ಇನ್ನೊಬ್ಬ ಎಲ್ಲ ದಿನವೂ ಒಂದೇ ಎನ್ನುತ್ತಾನೆ, ಇಬ್ಬರೂ ತಮ್ಮ ಮನಸ್ಸಿಗೆ ನಿಶ್ಚಯ ಮಾಡಿಕೊಳ್ಳಲಿ ಎಂದು ಪೌಲನೇ ರೋಮಾಪುರದವರಿಗೆ ಬರೆದಿದ್ದಾನೆ (14:5). 2014ರ ಫೆಬ್ರವರಿ 14ರಂದು ಪೋಪ್ ಫ್ರಾನ್ಸಿಸ್ ನಿಶ್ಚಿತಾರ್ಥವಾದ ಜೋಡಿಗಳನ್ನು ಸಂತ ಪೇತ್ರರ ಚೌಕದಲ್ಲಿ ಸೇರಿಸಿ ಮೂರು ಮಾತು ಕಲಿಸಿದ್ದರು: ‘ಆಗಬಹುದಾ’, ‘ಥ್ಯಾಂಕ್ಸ್’, ‘ಸಾರಿ’. ಜಗಳದಲ್ಲಿ ತಟ್ಟೆ ಹಾರಿದರೂ ರಾಜಿಯಾಗದೆ ದಿನ ಮುಗಿಸಬೇಡಿ ಅಂದಿದ್ದರು. (ನಮ್ಮ ಮನೆಗಳಲ್ಲಿ ಗಂಡ ಹೆಂಡತಿಗೆ ಥ್ಯಾಂಕ್ಸ್ ಹೇಳಿದರೆ ಮೊದಲು ಜ್ವರ ಇದೆಯಾ ಅಂತ ಹಣೆ ಮುಟ್ಟಿ ನೋಡುತ್ತಾರೆ.)

ಒಂದು ಎಚ್ಚರಿಕೆ ಮಾತ್ರ. 2018 ಮತ್ತು 2024ರಲ್ಲಿ ಬೂದಿ ಬುಧವಾರ, ಅಂದರೆ ಈಸ್ಟರ್‌ಗೆ ಮುಂಚಿನ ಉಪವಾಸದ ಕಾಲದ ಮೊದಲ ದಿನ, ಇದೇ ದಿನ ಬಿತ್ತು. ಹಣೆಯಲ್ಲಿ ಬೂದಿಯ ಶಿಲುಬೆ, ಮಾಂಸವಿಲ್ಲ, ಪೂರ್ತಿ ಊಟ ಒಂದೇ ಹೊತ್ತು. 2029ರಲ್ಲೂ ಹಾಗೇ ಬರುತ್ತದೆ. ಆ ವರ್ಷ ಬಿರಿಯಾನಿಯನ್ನು ಮಂಗಳವಾರವೇ ಮುಗಿಸಿಕೊಳ್ಳಲು ಮಗಳಿಗೆ ಹೇಳಿ.