ಕ್ಯಾಮೆರಾ ಆನ್ ಮಾಡಿದರೆ ಡ್ರೋನ್ ಯಾಕೆ ಮಾತು ಕೇಳಲ್ಲ?

"ರಿಮೋಟ್ ಕೈಕೊಟ್ಟಿತು ಸಾರ್."

ತಿಪಟೂರು ಕಡೆಯ ಹುಡುಗನೊಬ್ಬ ಟವಲ್‌ನಲ್ಲಿ ಸುತ್ತಿ ತಂದಿದ್ದ ಡ್ರೋನನ್ನು ತುಮಕೂರಿನ ನನ್ನ ರಿಪೇರಿ ಬೆಂಚಿನ ಮೇಲೆ ಬಿಚ್ಚಿಟ್ಟು ಹೇಳಿದ ಮೊದಲ ಮಾತು ಇದು. ಎರಡು ತೋಳು ಮುರಿದಿದ್ದವು. ಮೋಟರ್ ಸಂದಿಯಲ್ಲಿ ತೆಂಗಿನ ಗರಿಯ ಚೂರು ಸಿಕ್ಕಿಕೊಂಡಿತ್ತು. ಮದುವೆ, ಗೃಹಪ್ರವೇಶದ ಶೂಟಿಂಗ್ ಮಾಡುವ ಹುಡುಗ. ಬಿಡಿಭಾಗ ತರಿಸಿ ತಾನೇ ಜೋಡಿಸಿದ್ದ. ತೋಟದ ಮೇಲೆ 200 ಮೀಟರ್ ಹೋಗುವಷ್ಟರಲ್ಲಿ ಸಿಗ್ನಲ್ ಕಟ್ ಆಗಿದೆ, ತಾನಾಗಿ ವಾಪಸ್ ಬರಬೇಕಾದದ್ದು ಅಡ್ಡಾದಿಡ್ಡಿ ತೇಲಿಕೊಂಡು ಹೋಗಿ ಮರಕ್ಕೆ ಬಡಿದಿದೆ.

ಕ್ಯಾಮೆರಾ ಆನ್ ಮಾಡಪ್ಪ ಅಂದೆ. ಆನ್ ಆದ ಕೂಡಲೇ ವೈಫೈ ದೀಪ ಮಿನುಗಿತು. ಅದರ ಕೆಳಗೇ, ಅದೇ ಪ್ಲೇಟಿಗೆ, ರಿಮೋಟ್ ಸಿಗ್ನಲ್ ಹಿಡಿಯುವ ರಿಸೀವರ್‌ನ ಎರಡೂ ಆಂಟೆನಾಗಳನ್ನು ಅಕ್ಕಪಕ್ಕ ಟೇಪ್ ಹಾಕಿ ಅಂಟಿಸಿದ್ದ. ನೋಡೋಕೆ ನೀಟಾಗಿರಲಿ ಅಂತ.

ರಿಮೋಟ್ ಚೆನ್ನಾಗಿಯೇ ಇತ್ತು.

ಈ ಕೇಸು ನನಗೆ ಹೊಸದಲ್ಲ. 2022ರ ಫೆಬ್ರವರಿಯಲ್ಲಿ ವಿದೇಶಿ ರೆಡಿಮೇಡ್ ಡ್ರೋನ್‌ಗಳ ಆಮದಿಗೆ ತಡೆ ಬಿತ್ತು, ಬಿಡಿಭಾಗಗಳಿಗೆ ಬೀಳಲಿಲ್ಲ. ಆಮೇಲೆ ನನ್ನ ಹತ್ತಿರ ಬರುವವರಲ್ಲಿ ಮನೆಯಲ್ಲೇ ಜೋಡಿಸಿದವರೇ ಜಾಸ್ತಿ. ರೆಡಿಮೇಡ್ ಡ್ರೋನಿನಲ್ಲಿ ಕ್ಯಾಮೆರಾ, ರಿಮೋಟ್ ಎರಡನ್ನೂ ಒಬ್ಬರೇ ಕೂತು ಹೊಂದಿಸಿರುತ್ತಾರೆ. ನಾವು ಜೋಡಿಸಿದಾಗ ಆ ಹೊಂದಾಣಿಕೆಯ ಕೆಲಸ ನಮ್ಮ ತಲೆ ಮೇಲೆ ಬೀಳುತ್ತದೆ, ಅದನ್ನು ಯಾರೂ ಹೇಳಿಕೊಟ್ಟಿರುವುದಿಲ್ಲ.

ವಿಷಯ ಏನಂದರೆ, ಕ್ಯಾಮೆರಾ ಬರೀ ಕ್ಯಾಮೆರಾ ಅಲ್ಲ. ಅದರೊಳಗೆ ಒಂದು ಪುಟ್ಟ ರೇಡಿಯೋ ಇದೆ. ಹೆಚ್ಚಿನ ರಿಮೋಟ್‌ಗಳು ಕೆಲಸ ಮಾಡುವುದು 2.4 ಗಿಗಾಹರ್ಟ್ಸ್ ಅನ್ನುವ ರೇಡಿಯೋ ಪಟ್ಟಿಯಲ್ಲಿ, ಕ್ಯಾಮೆರಾದ ವೈಫೈ ಕೂಡ ಬಹಳ ಸಲ ಅಲ್ಲೇ. ಲೈಸೆನ್ಸ್ ಬೇಡದ ಜಾಗ ಅಂತ ಎಲ್ಲರೂ ಅಲ್ಲಿಗೇ ನುಗ್ಗಿದ್ದಾರೆ. ಸಿದ್ಧಗಂಗೆ ಜಾತ್ರೆಯಲ್ಲಿ ದೂರದಿಂದ ಯಾರೋ ನಿಮ್ಮ ಹೆಸರು ಹಿಡಿದು ಕೂಗುತ್ತಿರುವಾಗ ಕಿವಿಗೇ ಬಾಯಿ ಇಟ್ಟು ಇನ್ನೊಬ್ಬ ಪೀಪಿ ಊದಿದರೆ ಏನಾಗುತ್ತದೋ, ರಿಸೀವರ್‌ಗೂ ಅದೇ ಆಗುವುದು.

ಲೆಕ್ಕ ಹಾಕಿ ನೋಡಿ. ರಿಮೋಟ್ 200 ಮೀಟರ್ ದೂರದಲ್ಲಿದೆ, ಕ್ಯಾಮೆರಾ 10 ಸೆಂಟಿಮೀಟರ್ ದೂರದಲ್ಲಿ. ದೂರದ ವ್ಯತ್ಯಾಸ 2000 ಪಟ್ಟು. ರೇಡಿಯೋ ಶಕ್ತಿ ದೂರದ ವರ್ಗಕ್ಕೆ ತಕ್ಕ ಹಾಗೆ ಇಳಿಯುತ್ತದೆ, ಅಂದರೆ ಹೆಚ್ಚುಕಡಿಮೆ 40 ಲಕ್ಷ ಪಟ್ಟು. ರಿಮೋಟ್‌ನ ಶಕ್ತಿ ಕ್ಯಾಮೆರಾದ ಎರಡು ಪಟ್ಟೋ ಮೂರು ಪಟ್ಟೋ ಇದ್ದರೂ ಈ ಲೆಕ್ಕದ ಮುಂದೆ ಅದು ಯಾವ ಮೂಲೆಗೂ ಸಾಲದು.

"ರಿಮೋಟ್ ಚಾನೆಲ್ ಬದಲಾಯಿಸುತ್ತಾ ಇರುತ್ತಲ್ವಾ ಸಾರ್, ಒಂದು ಕಡೆ ಗಲಾಟೆ ಇದ್ದರೆ ಇನ್ನೊಂದು ಕಡೆ ಹೋಗಲ್ವಾ?" ಅಂತ ಆ ಹುಡುಗ ಕೇಳಿದ. ಒಳ್ಳೆಯ ಪ್ರಶ್ನೆ. ಈ 2.4 ಗಿಗಾಹರ್ಟ್ಸ್ ಪಟ್ಟಿಯ ಅಗಲ 83.5 ಮೆಗಾಹರ್ಟ್ಸ್, ಒಂದು ವೈಫೈ ಚಾನೆಲ್ ಸುಮಾರು 20 ತಿನ್ನುತ್ತದೆ, ಹಾಗಾಗಿ ಮುಕ್ಕಾಲು ಭಾಗ ಖಾಲಿ ಇರಬೇಕು. ದೂರದ ವೈಫೈ ಆದರೆ ಈ ಮಾತು ನಿಜ. ಆದರೆ ಪಕ್ಕದಲ್ಲೇ ಕೂತ ವೈಫೈ ರಿಸೀವರ್‌ನ ಮುಂಬಾಗಿಲನ್ನೇ ತುಂಬಿಬಿಡುತ್ತದೆ. ಆಗ ಅದು ಎಲ್ಲಾ ಚಾನೆಲ್‌ಗೂ ಕಿವುಡಾಗುತ್ತದೆ, ಎಲ್ಲಿಗೆ ಹಾರಿದರೂ ಒಂದೇ.

ಇನ್ನೊಂದು ಕಿತಾಪತಿ ಇದೆ. ಫೋನ್‌ನಲ್ಲಿ ಕ್ಯಾಮೆರಾ ದೃಶ್ಯ ನೋಡುತ್ತಾ ಹಾರಿಸಿದರೆ, ಡ್ರೋನ್ ದೂರ ಹೋದಂತೆ ವೈಫೈ ತನ್ನ ವೇಗ ಇಳಿಸಿಕೊಂಡು, ತಲುಪದ ಡೇಟಾವನ್ನು ಮತ್ತೆ ಮತ್ತೆ ಕಳಿಸುತ್ತಾ ಇರುತ್ತದೆ. ಅಂದರೆ ಪೀಪಿ ಊದುವವನು ಊದುವುದನ್ನೇ ನಿಲ್ಲಿಸಲ್ಲ. ರಿಮೋಟ್ ಧ್ವನಿ ಕ್ಷೀಣವಾಗುವ ಹೊತ್ತಿಗೇ ಇದು ಜೋರಾಗುತ್ತದೆ. ಅದಕ್ಕೇ ಅಂಗಳದಲ್ಲಿ ಹತ್ತು ಸಲ ಸರಿಯಾಗಿ ಹಾರಿದ್ದು ತೋಟದಾಚೆ ಹೋದಾಗ ಕೈತಪ್ಪುತ್ತದೆ.

ಸರಿ, ಸಿಗ್ನಲ್ ಹೋದರೆ ಡ್ರೋನ್ ತಾನೇ ಮನೆಗೆ ಬರಬೇಕಲ್ಲ? ಬರುವುದಕ್ಕೆ ಜಿಪಿಎಸ್ ಬೇಕು. ಅದರ ಸಿಗ್ನಲ್ 20,000 ಕಿಲೋಮೀಟರ್ ಮೇಲಿನಿಂದ ಇಳಿದು ಬರುವ ಪಿಸುಮಾತು. ಕ್ಯಾಮೆರಾದ ಪ್ರೊಸೆಸರ್, ಎಚ್‌ಡಿಎಂಐ ಕೇಬಲ್, ಮೆಮೊರಿ ಕಾರ್ಡ್ ಇವೆಲ್ಲ ವೈಫೈ ಆಫ್ ಇದ್ದರೂ ಒಂದಿಷ್ಟು ಗದ್ದಲ ಉಗುಳುತ್ತವೆ, ಅಷ್ಟೇ ಸಾಕು ಪಿಸುಮಾತು ಮುಳುಗೋಕೆ. ಆ ಹುಡುಗನ ಡ್ರೋನಿನಲ್ಲಿ ಜಿಪಿಎಸ್ ಕೂಡ ಕ್ಯಾಮೆರಾದ ನೆತ್ತಿಯ ಮೇಲೇ ಇತ್ತು. ಬಯಲಿಗೆ ಒಯ್ದು ಕಂಪ್ಯೂಟರ್‌ಗೆ ಜೋಡಿಸಿ ನೋಡಿದೆವು. ಕ್ಯಾಮೆರಾ ಆಫ್ ಇದ್ದಾಗ 14 ಉಪಗ್ರಹ, ರೆಕಾರ್ಡಿಂಗ್ ಶುರು ಮಾಡಿದ ಮೇಲೆ 6. ಒಂದೇ ಕ್ಯಾಮೆರಾ ಎರಡು ಕಡೆಯಿಂದ ಹೊಡೆದಿತ್ತು. ದಾರಿಯನ್ನೂ ಕಟ್ ಮಾಡಿತ್ತು, ವಾಪಸ್ ಬರುವ ಕಣ್ಣನ್ನೂ ಮುಚ್ಚಿತ್ತು.

ಪರೀಕ್ಷೆಗೆ ಕಾಸು ಬೇಡ. ರಿಮೋಟ್‌ನಲ್ಲಿ ರೇಂಜ್ ಚೆಕ್ ಅಂತ ಇರುತ್ತದೆ, ಒತ್ತಿದರೆ ಅದರ ಶಕ್ತಿ ಇಳಿಯುತ್ತದೆ. ಪ್ರೊಪೆಲ್ಲರ್ ಬಿಚ್ಚಿ, ಸ್ನೇಹಿತನ ಕೈಗೆ ಡ್ರೋನ್ ಕೊಟ್ಟು, ಹಿಂದೆ ಹಿಂದೆ ನಡೆಯಿರಿ. 30 ಹೆಜ್ಜೆ ಆದರೂ ಹಿಡಿತ ಇರಬೇಕು. ಮೊದಲು ಕ್ಯಾಮೆರಾ ಆಫ್ ಮಾಡಿ, ಆಮೇಲೆ ಆನ್ ಮಾಡಿ, ಕೊನೆಗೆ ವೈಫೈ ಸಮೇತ. ನಮಗೆ ಆಫ್ ಇದ್ದಾಗ 34 ಹೆಜ್ಜೆ ಸಿಕ್ಕಿತು, ವೈಫೈ ಸಮೇತ 9. ಹುಡುಗ ಎರಡು ಸಲ ಎಣಿಸಿದ.

ರಿಪೇರಿ ಸುಲಭ. ವೈಫೈ, ಬ್ಲೂಟೂತ್ ಎರಡನ್ನೂ ಮೆನುವಿಗೆ ಹೋಗಿ ಆಫ್ ಮಾಡಿ. ಫೋನ್ ಆ್ಯಪ್ ಮುಚ್ಚಿದರೆ ಸಾಲದು, ಕ್ಯಾಮೆರಾ ತಾನಿದ್ದೇನೆ ಅಂತ ಸೆಕೆಂಡಿಗೆ ಹತ್ತು ಸಲ ಕೂಗುತ್ತಲೇ ಇರುತ್ತದೆ. ಆಂಟೆನಾಗಳನ್ನು ಕ್ಯಾಮೆರಾದಿಂದ ಆದಷ್ಟು ದೂರ, ಹಿಂದಿನ ತೋಳುಗಳಿಗೆ, ಒಂದಕ್ಕೊಂದು 90 ಡಿಗ್ರಿಯಲ್ಲಿ ಕಟ್ಟಿ. ತುದಿಯ 31 ಮಿಲಿಮೀಟರ್ ತಂತಿಯೇ ನಿಜವಾದ ಆಂಟೆನಾ, ಅದು ಡ್ರೋನಿನ ಕಾರ್ಬನ್ ಫೈಬರ್ ಚೌಕಟ್ಟಿಗೆ ಅಂಟಬಾರದು. ಜಿಪಿಎಸ್ ಅನ್ನು ಒಂದು ಕಡ್ಡಿ ಕಂಬದ ಮೇಲೆ ಎತ್ತಿಡಿ. ದೂರ ಹಾರಿಸುವವರಿಗೆ 865ರಿಂದ 868 ಮೆಗಾಹರ್ಟ್ಸ್‌ನ ರೇಡಿಯೋ ಒಳ್ಳೆಯದು, ನಮ್ಮ ದೇಶದಲ್ಲಿ ಅದಕ್ಕೂ ಲೈಸೆನ್ಸ್ ಬೇಡ. 915 ಅಂತ ಬರೆದದ್ದನ್ನು ಮಾತ್ರ ತರಬೇಡಿ, ಅದು ಇಲ್ಲಿ ಮೊಬೈಲ್ ಫೋನ್‌ಗಳ ಜಾಗ.

ವಾಪಸ್ ಬರುವ ಎತ್ತರವನ್ನೂ ನೋಡಿಕೊಳ್ಳಿ. ಆ ಹುಡುಗ 15 ಮೀಟರ್ ಇಟ್ಟಿದ್ದ. ಹಳೆಯ ತೆಂಗಿನ ಮರ 20 ದಾಟುತ್ತದೆ. 35 ಮಾಡಿಸಿದೆ.

ಮೂರು ದಿನದ ಮೇಲೆ ಹೊಸ ತೋಳು ಹಾಕಿ ಮತ್ತೆ ನಡೆದೆವು. ವೈಫೈ ಆಫ್, ರೆಕಾರ್ಡಿಂಗ್ ಆನ್. 33 ಹೆಜ್ಜೆ, 13 ಉಪಗ್ರಹ. ಭಾನುವಾರ ಗುಬ್ಬಿಯಲ್ಲಿ ಮದುವೆ ಇದೆ ಸಾರ್ ಅಂತ ಹೇಳಿ ಅದೇ ಟವಲ್‌ನಲ್ಲಿ ಸುತ್ತಿಕೊಂಡು ಹೊರಟ.