ಜಾಗ ಇದೆಯಲ್ರೀ, ಹಾಕಿ

ಪೀಣ್ಯದ ನನ್ನ ಶೆಡ್ಡಿಗೆ ಹಳೇ ವ್ಯಾನ್ ತಂದು ನಿಲ್ಲಿಸಿ ‘ಇದನ್ನ ಕ್ಯಾರವಾನ್ ಮಾಡ್ಕೊಡಿ, ರಜೆಗೆ ಊರೂರು ಸುತ್ತಬೇಕು’ ಅನ್ನುವವರು ಹುಷಾರಿನ ಜನವೇ. ಇಂಜಿನ್ ತೋರಿಸಿಕೊಂಡು ಬಂದಿರುತ್ತಾರೆ, ಅಡಿಯಲ್ಲಿ ಬಗ್ಗಿ ತುಕ್ಕು ನೋಡಿರುತ್ತಾರೆ, ಫೋನಿನಲ್ಲಿ ಇನ್ನೂರು ಫೋಟೊ ಕೂಡಿಹಾಕಿರುತ್ತಾರೆ. ಟೇಪು ಹಿಡಿದು ಒಳಗೆ ಹತ್ತಿದೆವೋ, ಬಂತು ಆ ಮಾತು: ‘ಇಲ್ಲಿ ಜಾಗ ಇದೆಯಲ್ರೀ, ಹಾಕಿ.’ ಆಂಬುಲೆನ್ಸ್‌ಗಳ ಒಳಗಿನ ಕೆಲಸ ಬಿಟ್ಟು ಈ ಕಸುಬಿಗೆ ಬಂದ ದಿನದಿಂದ ಕೇಳುತ್ತಿದ್ದೇನೆ.

ಜಾಗದ ಲೆಕ್ಕ ಬೇರೆ, ತೂಕದ ಲೆಕ್ಕ ಬೇರೆ. ನಿಮ್ಮ ಆರ್‌ಸಿ ತೆಗೆದು ನೋಡಿ, ಖಾಲಿ ಗಾಡಿಯ ತೂಕ ಒಂದಿದೆ, ತುಂಬಿದ ಗಾಡಿ ಮೀರಬಾರದ ಒಟ್ಟು ತೂಕ ಇನ್ನೊಂದಿದೆ. ದೊಡ್ಡದರಲ್ಲಿ ಚಿಕ್ಕದನ್ನು ಕಳೆದರೆ ಉಳಿಯುವುದೇ ನಿಮ್ಮ ಆಸ್ತಿ. ಹಾಸಿಗೆ, ಅಡುಗೆಮನೆ, ನೀರು, ಮಕ್ಕಳು, ಹೆಂಡತಿಯ ಸೂಟ್‌ಕೇಸು, ಎಲ್ಲ ಅದರೊಳಗೇ ಬರಬೇಕು.

ಹೋದ ವರ್ಷ ಬಸವನಗುಡಿಯಿಂದ ನಿವೃತ್ತ ದಂಪತಿ ಬಂದಿದ್ದರು. ಯಜಮಾನರು ಬ್ಯಾಂಕಿನಲ್ಲಿದ್ದವರು, ಹಾಗಾಗಿ ಲೆಕ್ಕ ಬರೆದೇ ತೋರಿಸಿದೆ. ಖಾಲಿ ತೂಕ 2,150 ಕೆಜಿ, ಒಟ್ಟು 3,050. ಉಳಿದದ್ದು 900. ಸೀಟು ಕಿತ್ತದ್ದಕ್ಕೆ 120 ವಾಪಸ್ ಬಂತು, 1,020 ಆಯಿತು. ಅವರಿಗೆ ಖುಷಿ, ಟನ್ನಿಗಿಂತ ಹೆಚ್ಚಿದೆಯಲ್ಲ! ಈಗ ಖರ್ಚು ಬರೆಯಿರಿ ಅಂದೆ. ಮೈಸೂರು ರಸ್ತೆಯ ಟಿಂಬರ್ ಯಾರ್ಡ್‌ನಿಂದ ಅವರೇ ಆರಿಸಿ ತಂದಿದ್ದ 19 ಎಂಎಂ ಪ್ಲೈವುಡ್, ಎಂಟಡಿ ನಾಲ್ಕಡಿಯ ಹಾಳೆ ಒಂದಕ್ಕೆ ಸುಮಾರು 35 ಕೆಜಿ. ಹನ್ನೆರಡು ಹಾಳೆಗೆ 420. ಅಡುಗೆ ಕಟ್ಟೆಗೆ ಗ್ರಾನೈಟೇ ಆಗಬೇಕೆಂದು ಅಮ್ಮನವರ ಹಟ. ಚದರಡಿಗೆ 5 ಕೆಜಿ ಹಿಡಿದರೂ ಹದಿನಾಲ್ಕು ಚದರಡಿಗೆ 70. ನೀರು 120 ಲೀಟರ್, ಅಂದರೆ 120 ಕೆಜಿ. ಮನೆಯ ಯುಪಿಎಸ್‌ಗೆ ಹಾಕುವಂಥ ಟ್ಯೂಬುಲರ್ ಬ್ಯಾಟರಿ ಎರಡಕ್ಕೆ 110. ಎಸಿಗೆ 50, ಫ್ರಿಜ್ಜಿಗೆ 30, ಹಾಸಿಗೆಗೆ 35, ತುಂಬಿದ ಮನೆ ಸಿಲಿಂಡರಿಗೆ 30. ಕೂಡಿದರೆ 865. ಮಿಕ್ಕದ್ದು 155. ಇವರಿಬ್ಬರು, ಮಗ, ಸೊಸೆ ಹತ್ತಿದರೆ ತಲೆಗೆ 65ರಂತೆ 260. ಬಟ್ಟೆ, ಪಾತ್ರೆ, ಅಕ್ಕಿ, ಗ್ರೈಂಡರು ಇನ್ನೂ ಗೇಟಿನ ಹತ್ತಿರವೇ ಇವೆ, ಗಾಡಿ ಆಗಲೇ 105 ಕೆಜಿ ಸಾಲದಲ್ಲಿದೆ.

‘ನೀರು ಖರ್ಚಾಗುತ್ತಲ್ಲ?’ ಅಂದರು ಯಜಮಾನರು. ಎಲ್ಲರೂ ಕೇಳುವ ಪ್ರಶ್ನೆ ಇದು. ಸಿಂಕಿನಲ್ಲಿ ಬಿಟ್ಟ ನೀರು ಗಾಡಿ ಬಿಟ್ಟು ಹೋಗುವುದಿಲ್ಲ, ಕೆಳಗಿನ ಕೊಳೆನೀರಿನ ಟ್ಯಾಂಕಿಗೆ ಇಳಿದು ನಿಮ್ಮ ಜೊತೆಯಲ್ಲೇ ಬರುತ್ತದೆ. ದಾರಿಬದಿಯಲ್ಲಿ ಚೆಲ್ಲುವವರಿದ್ದಾರೆ. ಅವರ ಗಾಡಿ ನಾನು ಮಾಡುವುದಿಲ್ಲ.

ಒಟ್ಟು ತೂಕ ಸರಿಹೋದರೂ ಮುಗಿಯಲಿಲ್ಲ. ಯಾವುದು ಎಲ್ಲಿ ಕೂತಿದೆ ಅನ್ನುವುದು ಇನ್ನೊಂದು ಕಥೆ. ನಮ್ಮ ತಾತ ತುರುವೇಕೆರೆ ಕಡೆ ಎತ್ತಿನ ಗಾಡಿ ಹೊಡೆಯುತ್ತಿದ್ದವರು. ರಾಗಿ ಹೊರೆ ಹೇರುವಾಗ ನಡುನಡುವೆ ಬಂದು ನೊಗ ಕಟ್ಟುವ ಮೂಕಿಯನ್ನು ಅಂಗೈಲಿ ಎತ್ತಿ ನೋಡುತ್ತಿದ್ದರು. ಮುಂಭಾರವಾದರೆ ಎತ್ತಿನ ಹೆಗಲು ಹುಣ್ಣು, ಹಿಂಭಾರವಾದರೆ ಮೂಕಿ ಮೇಲೆದ್ದು ಕೊರಳ ಹಗ್ಗ ಗಂಟಲು ಹಿಡಿಯುತ್ತದೆ. ವ್ಯಾನಿನದೂ ಅದೇ ನ್ಯಾಯ. ಎರಡು ಅಚ್ಚುಗಳ ನಡುವೆ 3 ಮೀಟರ್ ಇದೆ ಅನ್ನಿ. ಹಿಂದಿನ ಅಚ್ಚಿನಿಂದ 1 ಮೀಟರ್ ಆಚೆಗೆ, ಹಿಂಬಾಗಿಲ ಪಕ್ಕ, ಆ 120 ಕೆಜಿ ನೀರು ಇಟ್ಟರೆ ಹಿಂದಿನ ಚಕ್ರಗಳ ಮೇಲೆ ಬೀಳುವುದು 160 ಕೆಜಿ. ಮುಂದಿನ ಚಕ್ರಗಳಿಂದ 40 ಕೆಜಿ ಎದ್ದುಹೋಗುತ್ತದೆ. ಸ್ಟೀರಿಂಗ್ ತಿರುಗಬೇಕಾದ್ದು, ಬ್ರೇಕ್ ಹೆಚ್ಚಾಗಿ ಹಿಡಿಯಬೇಕಾದ್ದು ಆ ಮುಂದಿನ ಚಕ್ರಗಳೇ.

ಇದನ್ನು ನಾನು ಪುಸ್ತಕದಿಂದ ಕಲಿತದ್ದಲ್ಲ. ಮೊದಮೊದಲು ಗೆಳೆಯನಿಗೆ ಮಾಡಿಕೊಟ್ಟ ಗಾಡಿಯಲ್ಲಿ ಟ್ಯಾಂಕನ್ನು ಹಿಂದೆಯೇ ಕೂರಿಸಿದ್ದೆ, ಜಾಗ ಇತ್ತಲ್ಲ! ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು, ಟ್ಯಾಂಕ್ ತುಂಬಿಸಿಕೊಂಡು ಚಾರ್ಮಾಡಿ ಇಳಿದೆವು. ಜಿಟಿಜಿಟಿ ಮಳೆ. ಮೂರನೇ ತಿರುವಿಗೆ ಸ್ಟೀರಿಂಗ್ ಹಗುರ ಅನ್ನಿಸಿತು, ಆಮೇಲೆ ರಬ್ಬರ್ ಸುಟ್ಟಂಥ ವಾಸನೆ, ಪೆಡಲ್ ಮೆತ್ತಗೆ ಕೆಳಗೆ ಹೋಗತೊಡಗಿತು. ಎರಡನೇ ಗೇರಿಗೆ ಹಾಕಿ, ಬಂಡೆ ಪಕ್ಕಕ್ಕೆ ತಂದು ನಿಲ್ಲಿಸಿ ಮುಕ್ಕಾಲು ಗಂಟೆ ಕೂತೆವು. ಗೆಳೆಯ ಏನೂ ಅನ್ನಲಿಲ್ಲ. ಟ್ಯಾಂಕಿನ ನಲ್ಲಿ ಬಿಚ್ಚಿ ಬಂದು ಕೂತ, ಅಷ್ಟೆ.

ಟೈರಿನ ಪಕ್ಕೆಯ ಮೇಲೂ ತೂಕದ ಸಂಕೇತ ಬರೆದಿರುತ್ತದೆ. 107 ಎಂದಿದ್ದರೆ ಒಂದು ಟೈರು ಹೊರಬಲ್ಲದ್ದು 975 ಕೆಜಿ, 100 ಎಂದಿದ್ದರೆ 800 ಮಾತ್ರ. ಅದೇ ಪಕ್ಕೆಯ ಮೇಲೆ ಇನ್ನೊಂದು ಕಡೆ ಇರುವ ನಾಲ್ಕಂಕಿ ತಯಾರಿಯ ವಾರ ಮತ್ತು ವರ್ಷ. 2317 ಅಂದರೆ 2017ರ 23ನೇ ವಾರ. ನಿಂತೇ ಇದ್ದ ಗಾಡಿಯ ಟೈರಿನ ಗೆರೆ ಚೆನ್ನಾಗಿಯೇ ಕಾಣುತ್ತದೆ, ರಬ್ಬರು ಮಾತ್ರ ಕಲ್ಲಾಗಿರುತ್ತದೆ.

ಕಾನೂನಿನ ವಿಷಯ ಚುಟುಕಾಗಿ ಹೇಳುತ್ತೇನೆ, ನಾನು ವಕೀಲನಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಗಾಡಿಯ ಮಾರ್ಪಾಡಿಗೆ ಕಡಿವಾಣ ಹಾಕಿದೆ, 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಮತ್ತಷ್ಟು ಬಿಗಿಯಾಗಿ ಓದಿತು. ಮೋಟಾರು ಕ್ಯಾರವಾನ್‌ಗಳಿಗೆಂದೇ ಎಐಎಸ್-124 ಎಂಬ ಮಾನದಂಡವಿದೆ. ತಗಡಿಗೆ ಕತ್ತರಿ ಹಾಕುವ ಮೊದಲು ಆರ್‌ಟಿಒ ಕಚೇರಿಗೂ ವಿಮೆಯವರ ಹತ್ತಿರಕ್ಕೂ ಹೋಗಿ ಬನ್ನಿ. ಹೋಗಿ ಬಂದವರ ಗಾಡಿಯನ್ನು ಮಾತ್ರ ಮುಟ್ಟುತ್ತೇನೆ.

ಬಸವನಗುಡಿಯವರ ಗಾಡಿ ಕೊನೆಗೆ ಹೀಗಾಯಿತು. ಪ್ಲೈವುಡ್ ವಾಪಸ್ ಕಳಿಸಿ ಅಲ್ಯೂಮಿನಿಯಂ ಚೌಕಟ್ಟಿಗೆ ತೆಳು ಹಾಳೆ ಹೊದಿಸಿದೆವು. ಬ್ಯಾಟರಿ ಬದಲು ಲಿಥಿಯಂ, 100 ಆಂಪಿಯರ್ ಅವರ್‌ನದು 12 ಕೆಜಿ ಆಸುಪಾಸು. ಎಸಿ ಹೋಗಿ ಫ್ಯಾನ್ ಬಂತು. ಮನೆ ಸಿಲಿಂಡರ್ ಜಾಗಕ್ಕೆ 5 ಕೆಜಿಯದು, ಅದರ ಗೂಡಿನ ತಳದಲ್ಲಿ ಗಾಳಿಕಿಂಡಿ, ಯಾಕೆಂದರೆ ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲೇ ಕೂರುತ್ತದೆ. ನೀರಿನ ಟ್ಯಾಂಕು ಎರಡು ಅಚ್ಚುಗಳ ನಡುವೆ ಬಂತು. ಗ್ರಾನೈಟು ಬಿಡಿಸಲು ಎರಡು ವಾರ ಹಿಡಿಯಿತು. ಗ್ರೈಂಡರು ಬಿಡಿಸಲು ಆಗಲಿಲ್ಲ.

ಗಾಡಿ ಒಪ್ಪಿಸುವ ದಿನ ಎಲ್ಲ ಸಾಮಾನು ಹೇರಿಸಿ, ಡೀಸೆಲ್ ತುಂಬಿಸಿ, ನಾಲ್ವರನ್ನೂ ಕೂರಿಸಿಕೊಂಡು ವೇ ಬ್ರಿಡ್ಜ್‌ಗೆ ಕರೆದೊಯ್ದೆ. ಇದು ಬಿಟ್ಟು ನಾನು ಕೀಲಿ ಕೊಡುವುದಿಲ್ಲ. ಮೊದಲು ಮುಂದಿನ ಚಕ್ರ ಮಾತ್ರ, ಆಮೇಲೆ ಹಿಂದಿನದು ಮಾತ್ರ, ಕೊನೆಗೆ ಪೂರ್ತಿ ಗಾಡಿ. ಅಕ್ಕಿ ಲಾರಿಗಳ ನಡುವೆ ನಮ್ಮ ಹೂಮಾಲೆಯ ವ್ಯಾನ್ ನೋಡಿ ಕಿಟಕಿಯ ಹುಡುಗನಿಗೆ ನಗು. ಚೀಟಿ ಬಂತು: 3,095. ನಲವತ್ತೈದು ಕೆಜಿ ಜಾಸ್ತಿ.

ಯಜಮಾನರು ಚೀಟಿಯನ್ನು ಎರಡು ಸಲ ಓದಿ ಗ್ರೈಂಡರಿನ ಕಡೆ ನೋಡಿದರು. ಅಮ್ಮನವರು ಅವರ ಕಡೆ ನೋಡಿ ನನ್ನನ್ನು ಕೇಳಿದರು: ‘ಇವರನ್ನ ಬಸ್ಸಲ್ಲಿ ಕಳಿಸಿದ್ರೆ ಸರಿಹೋಗುತ್ತಾ?’

ಅರ್ಧ ಟ್ಯಾಂಕ್ ನೀರು ಇಳಿಸಿದೆವು.